ಸಾಕ್ಷಿ ಸರಕಾದ ಕಥೆ

ಹೊಸದಾಗಿ ಊರಿಗೆ ಬಂದವರಿಗೆ ಒಳ್ಳೆಯ ವೈದ್ಯರು ಬೇಕಾದರೆ ಅವರು ಬೀದಿಯ ಬೋರ್ಡುಗಳನ್ನು ಓದುತ್ತ ಹೋಗುವುದಿಲ್ಲ. ನಾಲ್ಕು ಜನರನ್ನು ವಿಚಾರಿಸುತ್ತಾರೆ. ನಾಲ್ವರಲ್ಲಿ ಮೂವರು ಒಂದೇ ಹೆಸರು ಹೇಳಿದರೆ ನಂಬಿಕೆ ಹುಟ್ಟುತ್ತದೆ. ಆ ಮೂವರಲ್ಲಿ ಒಬ್ಬರು ಊರೆಲ್ಲ ಗೌರವಿಸುವ ನಿವೃತ್ತ ಮೇಷ್ಟರಾಗಿದ್ದರೆ ನಂಬಿಕೆ ಇಮ್ಮಡಿಯಾಗುತ್ತದೆ. ಹಾಗೆ ಹೇಳಿದವರು ವೈದ್ಯರ ಭಾವಮೈದುನ ಎಂದು ತಿಳಿದುಬಂದರೆ ಅದೇ ಮಾತಿನ ತೂಕ ಇಳಿದುಹೋಗುತ್ತದೆ. ಎಷ್ಟು ಜನ ಹೇಳಿದರು, ಯಾರು ಹೇಳಿದರು, ಯಾಕೆ ಹೇಳಿದರು ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ವ್ಯವಹಾರ ಬಲ್ಲ ಎಲ್ಲರಿಗೂ ಗೊತ್ತಿರುವ ವಿದ್ಯೆ.

ಇಂಟರ್‌ನೆಟ್‌ನ ಶೋಧಯಂತ್ರವೂ ಇದೇ ವಿದ್ಯೆಯನ್ನು ಕಲಿಯಲು ಹೊರಟಿತು. ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋಗಲು ಹಾಕಿರುವ ದಾರಿಗೆ ಕೊಂಡಿ ಅಥವಾ ಲಿಂಕ್ ಎಂದು ಹೆಸರು. ಕೊಂಡಿ ಹಾಕಿದವರು ಆ ಇನ್ನೊಂದು ಪುಟವನ್ನು ಮೆಚ್ಚಿ ಶಿಫಾರಸು ಮಾಡುತ್ತಿದ್ದಾರೆ ಎಂದು ಯಂತ್ರ ತಿಳಿಯಿತು. ಮೊದಲೆರಡು ಪ್ರಶ್ನೆಗಳಿಗೆ, ಎಂದರೆ ಎಷ್ಟು ಜನ ಹೇಳಿದರು ಮತ್ತು ಯಾರು ಹೇಳಿದರು ಎಂಬುದಕ್ಕೆ, ಅದು ಬಹು ಚೆನ್ನಾಗಿ ಲೆಕ್ಕ ಹಾಕಿತು. ಮೂರನೆಯ ಪ್ರಶ್ನೆ ಮಾತ್ರ ಲೆಕ್ಕಕ್ಕೆ ಸಿಗಲಿಲ್ಲ. ಆ ಒಂದು ಸಂದಿಯಲ್ಲಿ ಬೆಳೆದು ನಿಂತದ್ದೇ ಇಂದು 'ಲಿಂಕ್ ಬಿಲ್ಡಿಂಗ್' ಎಂದು ಕರೆಯಲಾಗುವ ದೊಡ್ಡ ಉದ್ಯಮ.

ವಕೀಲರ ಅಂಟುಚೀಟಿ

ಕೊಂಡಿಯ ಪೂರ್ವಜರನ್ನು ಹುಡುಕುತ್ತ ಹೋದರೆ ಅಮೆರಿಕದ ವಕೀಲರ ಕಚೇರಿಗಳಿಗೆ ಬಂದು ಮುಟ್ಟಬೇಕಾಗುತ್ತದೆ. ಅಲ್ಲಿನ ನ್ಯಾಯಾಲಯಗಳಲ್ಲಿ, ಭಾರತದಲ್ಲಿರುವಂತೆಯೇ, ಹಿಂದಿನ ತೀರ್ಪುಗಳಿಗೆ ಬೆಲೆ. ಆದರೆ ಹಳೆಯ ತೀರ್ಪೊಂದನ್ನು ಮುಂದಿಟ್ಟು ವಾದಿಸುವ ಮೊದಲು, ಮೇಲಿನ ನ್ಯಾಯಾಲಯ ಅದನ್ನು ಆಮೇಲೆ ಎತ್ತಿಹಿಡಿದಿದೆಯೇ, ತಳ್ಳಿಹಾಕಿದೆಯೇ ಎಂದು ತಿಳಿದಿರಬೇಕು. 1873ರಲ್ಲಿ ಫ್ರಾಂಕ್ ಶೆಪರ್ಡ್ ಎಂಬಾತ ಇಲಿನಾಯ್ ರಾಜ್ಯದಲ್ಲಿ ಇದಕ್ಕೊಂದು ಉಪಾಯ ಮಾಡಿದ. ಪ್ರತಿಯೊಂದು ತೀರ್ಪನ್ನೂ ನಂತರದ ಯಾವ ಯಾವ ತೀರ್ಪುಗಳು ಉಲ್ಲೇಖಿಸಿವೆ ಎಂದು ಪಟ್ಟಿ ಮಾಡಿ, ಹಿಂಬದಿಗೆ ಗೋಂದು ಸವರಿದ ಚೀಟಿಗಳಲ್ಲಿ ಅಚ್ಚು ಹಾಕಿ ಮಾರಿದ. ವಕೀಲರು ಅವನ್ನು ತಮ್ಮ ಪುಸ್ತಕದ ಅಂಚಿಗೆ ಅಂಟಿಸಿಕೊಳ್ಳುತ್ತಿದ್ದರು.

ಈ ಪದ್ಧತಿಯ ವಿಷಯ ಯೂಜೀನ್ ಗಾರ್ಫೀಲ್ಡ್ ಎಂಬ ಯುವಕನ ಕಿವಿಗೆ ಬಿದ್ದದ್ದು ಶೆಪರ್ಡ್ ಕಂಪನಿಯ ನಿವೃತ್ತ ಅಧಿಕಾರಿಯೊಬ್ಬರು ಬರೆದ ಪತ್ರದಿಂದ. ಗಾರ್ಫೀಲ್ಡ್ ಅದನ್ನು ವಿಜ್ಞಾನಕ್ಕೆ ಅನ್ವಯಿಸಬಹುದೆಂದು 1955ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ವಿಜ್ಞಾನಿಗಳು ತಮ್ಮ ಪ್ರಬಂಧದ ಕೊನೆಯಲ್ಲಿ ಆಧಾರವಾಗಿ ಬಳಸಿದ ಹಿಂದಿನ ಪ್ರಬಂಧಗಳನ್ನು ನಮೂದಿಸುತ್ತಾರೆ. ಆ ಉಲ್ಲೇಖಗಳನ್ನೆಲ್ಲ ಒಟ್ಟುಗೂಡಿಸಿ ತಿರುವಿಹಾಕಿದರೆ, ಯಾವ ಪ್ರಬಂಧವನ್ನು ಯಾರು ಯಾರು ಬಳಸಿಕೊಂಡರು ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ. ಹೀಗೆ 613 ನಿಯತಕಾಲಿಕಗಳಿಂದ ಸುಮಾರು 14 ಲಕ್ಷ ಉಲ್ಲೇಖಗಳನ್ನು ಕಲೆಹಾಕಿದ ಮೊದಲ ಸಂಪುಟಗಳು 1963ರಲ್ಲಿ ಹೊರಬಂದವು. ಮುಂದಿನ ವರ್ಷದಿಂದ ಅದು 'ಸೈನ್ಸ್ ಸೈಟೇಶನ್ ಇಂಡೆಕ್ಸ್' ಎಂಬ ಹೆಸರಿನಲ್ಲಿ ಕ್ರಮವಾಗಿ ಪ್ರಕಟವಾಗತೊಡಗಿತು.

ಎಲ್ಲ ಉಲ್ಲೇಖಕ್ಕೂ ಒಂದೇ ತೂಕ ಕೊಡಬಾರದೆಂಬ ಮಾತು 1976ರಲ್ಲಿ ಬಂತು. ಗೇಬ್ರಿಯಲ್ ಪಿನ್ಸ್ಕಿ ಮತ್ತು ಫ್ರಾನ್ಸಿಸ್ ನಾರಿನ್ ಎಂಬಿಬ್ಬರು, ಹೆಚ್ಚು ಉಲ್ಲೇಖ ಪಡೆಯುವ ಪತ್ರಿಕೆಯಿಂದ ಬಂದ ಉಲ್ಲೇಖಕ್ಕೆ ಹೆಚ್ಚು ಬೆಲೆ ಕಟ್ಟುವ ಗಣಿತವನ್ನು ರೂಪಿಸಿದರು. ನಿವೃತ್ತ ಮೇಷ್ಟರ ಮಾತಿಗೆ ಹೆಚ್ಚಿನ ತೂಕ ಎಂಬ ಊರಿನ ತಿಳಿವಳಿಕೆ ಇಲ್ಲಿ ಸಮೀಕರಣದ ರೂಪ ಪಡೆಯಿತು.

ಇಂಥ ಸಾಕ್ಷಿಯ ಬೆಲೆ ಕನ್ನಡಿಗರಿಗೆ ಹೊಸದಲ್ಲ. ಹಳೆಯ ಕಾವ್ಯಗಳ ಆರಂಭದಲ್ಲಿ ಪೂರ್ವಕವಿಗಳನ್ನು ಸ್ಮರಿಸುವ ಸಂಪ್ರದಾಯವಿದೆ. ಯಾರು ಯಾರನ್ನು ನೆನೆದಿದ್ದಾರೆ ಎಂಬುದನ್ನು 'ಕರ್ಣಾಟಕ ಕವಿಚರಿತೆ'ಯ ಆರ್. ನರಸಿಂಹಾಚಾರ್ಯರು ಕವಿಗಳ ಕಾಲನಿರ್ಣಯಕ್ಕೆ ಆಧಾರವಾಗಿ ಬಳಸಿಕೊಂಡರು. 'ಕವಿರಾಜಮಾರ್ಗ' ಹೆಸರಿಸುವ ಕೆಲವು ಗದ್ಯಕಾರರ ಕೃತಿಗಳು ಇಂದು ಉಳಿದಿಲ್ಲ. ಅಲ್ಲಿರುವ ಉಲ್ಲೇಖವೇ ಅವರು ಬದುಕಿ ಬರೆದಿದ್ದರೆಂಬುದಕ್ಕೆ ಸಾಕ್ಷಿ. ನೆನೆದವರಿಗೆ ನೆನೆಯುವುದರಿಂದ ಯಾವ ಲಾಭವೂ ಇರಲಿಲ್ಲ ಎಂಬುದರಿಂದಲೇ ಆ ಸಾಕ್ಷಿಗೆ ಬೆಲೆ.

ಪದ ಎಣಿಸುವ ಯಂತ್ರಗಳು

ಸ್ವಿಟ್ಜರ್ಲೆಂಡಿನ ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ 1989ರಲ್ಲಿ ಪ್ರಸ್ತಾಪಿಸಿದ ವರ್ಲ್ಡ್ ವೈಡ್ ವೆಬ್‌ನ ಜೀವಾಳ ಈ ಕೊಂಡಿಯೇ. ಯಾರು ಬೇಕಾದರೂ, ಯಾರ ಅಪ್ಪಣೆಯನ್ನೂ ಕೇಳದೆ, ಯಾವ ಪುಟಕ್ಕೆ ಬೇಕಾದರೂ ಕೊಂಡಿ ಹಾಕಬಹುದಾಗಿತ್ತು. 1993ರ ಏಪ್ರಿಲ್‌ನಲ್ಲಿ ಸರ್ನ್ ಈ ತಂತ್ರಜ್ಞಾನವನ್ನು ಎಲ್ಲರ ಬಳಕೆಗೆ ಉಚಿತವಾಗಿ ಬಿಟ್ಟುಕೊಟ್ಟ ಮೇಲೆ ಪುಟಗಳು ಅಣಬೆಗಳಂತೆ ಎದ್ದವು. ಬೇಕಾದ್ದನ್ನು ಹುಡುಕುವುದೇ ದೊಡ್ಡ ಸಮಸ್ಯೆಯಾಯಿತು.

1994ರಲ್ಲಿ ಆರಂಭವಾದ ಯಾಹೂ, ಮನುಷ್ಯರೇ ವಿಂಗಡಿಸಿದ ಪಟ್ಟಿಯಾಗಿತ್ತು. ಗ್ರಂಥಾಲಯದ ಕಾರ್ಡುಗಳಂತೆ ವಿಷಯವಾರು ಪುಟಗಳನ್ನು ಜೋಡಿಸುವ ಕ್ರಮ ಅದು. 1995ರ ಡಿಸೆಂಬರಿನಲ್ಲಿ ಬಂದ ಅಲ್ಟಾವಿಸ್ಟಾ ಯಂತ್ರದ ಮೂಲಕ ಪುಟಗಳ ಒಳಗಿನ ಪ್ರತಿ ಪದವನ್ನೂ ಸೂಚಿಗೆ ಸೇರಿಸಿತು. ಆದರೆ ಕೇಳಿದ ಪದ ಲಕ್ಷಾಂತರ ಪುಟಗಳಲ್ಲಿ ಸಿಕ್ಕರೆ ಯಾವುದನ್ನು ಮೊದಲು ತೋರಿಸಬೇಕು? ಪದ ಎಷ್ಟು ಸಲ ಬಂದಿದೆ, ಶೀರ್ಷಿಕೆಯಲ್ಲಿದೆಯೇ ಎಂಬಂಥ ಗುರುತುಗಳನ್ನೇ ಆಗಿನ ಯಂತ್ರಗಳು ಹೆಚ್ಚಾಗಿ ನಂಬಿದ್ದವು. ಇದು ತಿಳಿದ ಚತುರರು ಒಂದೇ ಪದವನ್ನು ನೂರಾರು ಸಲ ಬರೆದು, ಓದುಗರಿಗೆ ಕಾಣದಂತೆ ಬಿಳಿಯ ಹಿನ್ನೆಲೆಯಲ್ಲಿ ಬಿಳಿಯ ಅಕ್ಷರಗಳಲ್ಲಿ ತುಂಬಿಸಿಟ್ಟರು. ತನ್ನ ಬಗ್ಗೆ ತಾನೇ ಹೇಳಿಕೊಂಡ ಮಾತನ್ನು ನಂಬಿದ ಫಲ ಅದು. 1997ರ ನವೆಂಬರಿನಲ್ಲಿ ನಾಲ್ಕು ಪ್ರಮುಖ ಶೋಧಯಂತ್ರಗಳಿಗೆ ಅವುಗಳದೇ ಹೆಸರನ್ನು ಕೊಟ್ಟು ಹುಡುಕಿದಾಗ, ಮೊದಲ ಹತ್ತು ಉತ್ತರಗಳಲ್ಲಿ ತನ್ನನ್ನು ತಾನು ಕಂಡುಕೊಂಡದ್ದು ಒಂದೇ ಒಂದು.

ಸ್ಟ್ಯಾನ್‌ಫರ್ಡ್‌ನ ಲೆಕ್ಕ

ಇದನ್ನು ಗಮನಿಸಿ ಬರೆದವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳಾದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್. ಪುಟ ತನ್ನ ಬಗ್ಗೆ ಏನು ಹೇಳಿಕೊಂಡಿದೆ ಎಂಬುದನ್ನು ಬಿಟ್ಟು, ಅದರ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಎಂದು ನೋಡಬೇಕೆಂಬುದು ಅವರ ವಿಚಾರ. ಈ ಜಾಡಿನಲ್ಲಿ ಅವರಷ್ಟೇ ಇರಲಿಲ್ಲ. ಮುಂದೆ ಚೀನಾದಲ್ಲಿ ಬೈದು ಶೋಧಯಂತ್ರವನ್ನು ಕಟ್ಟಿದ ರಾಬಿನ್ ಲೀ, ಐಬಿಎಂ ಪ್ರಯೋಗಾಲಯದಲ್ಲಿದ್ದ ಜಾನ್ ಕ್ಲೈನ್‌ಬರ್ಗ್ ಕೂಡ ಅದೇ ವರ್ಷಗಳಲ್ಲಿ ಕೊಂಡಿಗಳನ್ನು ಆಧರಿಸಿದ ಲೆಕ್ಕಗಳನ್ನು ರೂಪಿಸಿದ್ದರು.

ಪೇಜ್ ಮತ್ತು ಬ್ರಿನ್ ತಮ್ಮ ಲೆಕ್ಕಕ್ಕೆ 'ಪೇಜ್‌ರ‍್ಯಾಂಕ್' ಎಂದು ಹೆಸರಿಟ್ಟರು. ಅದರ ತಿರುಳು ಸರಳ. ಒಂದು ಪುಟಕ್ಕೆ 100 ಅಂಕಗಳಿವೆ ಎಂದುಕೊಳ್ಳಿ. ಅದು ನಾಲ್ಕು ಪುಟಗಳಿಗೆ ಕೊಂಡಿ ಹಾಕಿದ್ದರೆ ಒಂದೊಂದಕ್ಕೂ 25ರ ಪಾಲು ಹೋಗುತ್ತದೆ; ನೂರು ಪುಟಗಳಿಗೆ ಹಾಕಿದ್ದರೆ ಒಂದೊಂದೇ ಅಂಕ. ಪಡೆದ ಪುಟಗಳು ತಮಗೆ ಬಂದದ್ದನ್ನು ಮತ್ತೆ ಹಂಚುತ್ತವೆ. ಹೀಗೆ ಅಂಕಗಳು ಹರಿದು ಹರಿದು ಒಂದು ಸ್ಥಿತಿಗೆ ಬಂದು ನಿಲ್ಲುವವರೆಗೆ ಕಂಪ್ಯೂಟರ್ ಲೆಕ್ಕವನ್ನು ಪುನರಾವರ್ತಿಸುತ್ತದೆ. ಇದನ್ನೇ ಇನ್ನೊಂದು ಬಗೆಯಲ್ಲಿಯೂ ಹೇಳಬಹುದು. ಗುರಿಯಿಲ್ಲದೆ ಅಲೆಯುವವನೊಬ್ಬ ಹೆಚ್ಚಿನ ಸಲ, ಅಂದರೆ ನೂರರಲ್ಲಿ 85 ಬಾರಿ, ಎದುರಿಗಿರುವ ಕೊಂಡಿಗಳಲ್ಲೊಂದನ್ನು ಹಿಡಿದು ಹೋಗುತ್ತಾನೆ. ಉಳಿದ 15 ಬಾರಿ ಬೇಸತ್ತು ಎಲ್ಲಿಗೋ ಹಾರುತ್ತಾನೆ. ಅವನು ಪದೇ ಪದೇ ಬಂದು ಸೇರುವ ಪುಟವೇ ಮುಖ್ಯವಾದ ಪುಟ.

1998ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನ್ ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧದ ವೇಳೆಗೆ ಅವರ ಯಂತ್ರದಲ್ಲಿ ಕನಿಷ್ಠ 2 ಕೋಟಿ 40 ಲಕ್ಷ ಪುಟಗಳಿದ್ದವು. ಪೇಜ್‌ರ‍್ಯಾಂಕನ್ನು ವಿವರಿಸುವ ಇನ್ನೊಂದು ಪ್ರಬಂಧವನ್ನು ಅವರೊಂದಿಗೆ ಸೇರಿ ಬರೆದವರು ಜಮ್ಮುವಿನಲ್ಲಿ ಹುಟ್ಟಿ ಕಾನ್ಪುರದ ಐಐಟಿಯಲ್ಲಿ ಓದಿದ ಪ್ರಾಧ್ಯಾಪಕ ರಾಜೀವ್ ಮೋಟ್ವಾನಿ ಮತ್ತು ಟೆರಿ ವಿನೊಗ್ರಾಡ್. ಆ ಪ್ರಬಂಧದಲ್ಲಿ ಒಂದು ಕುತೂಹಲದ ಮಾತಿದೆ. ವ್ಯಾಪಾರಿಗಳು ತಮ್ಮ ಲಾಭಕ್ಕಾಗಿ ಈ ಲೆಕ್ಕವನ್ನು ತಿರುಚುವುದು ಬಹುಮಟ್ಟಿಗೆ ಅಸಾಧ್ಯ. ಹೆಚ್ಚೆಂದರೆ ಪ್ರಮುಖ ತಾಣಗಳಲ್ಲಿ ಕೊಂಡಿಗಳನ್ನು ಹಣ ಕೊಟ್ಟು ಕೊಳ್ಳಬಹುದು. ಆದರೆ ಅದಕ್ಕೆ ದುಡ್ಡು ಖರ್ಚಾಗುವುದರಿಂದ ಅದು ಹತೋಟಿಯಲ್ಲಿಯೇ ಇರುತ್ತದೆ ಎಂಬುದು ಅದರ ಸಾರಾಂಶ. ಲೇಖಕರು ಲೆಕ್ಕದಲ್ಲಿ ಜಾಣರಾಗಿದ್ದರು. ಪೇಟೆಯ ಸ್ವಭಾವವನ್ನು ಅಷ್ಟಾಗಿ ಅರಿತಿರಲಿಲ್ಲ.

ಅದೇ ಸೆಪ್ಟೆಂಬರಿನಲ್ಲಿ ಗೂಗಲ್ ಕಂಪನಿಯಾಗಿ ನೋಂದಣಿಯಾಯಿತು. ಪೇಜ್‌ರ‍್ಯಾಂಕಿನ ಪೇಟೆಂಟ್ ಸ್ಟ್ಯಾನ್‌ಫರ್ಡ್‌ನದಾಗಿತ್ತು. ಅದರ ಬಳಕೆಗಾಗಿ ಪಡೆದ ಷೇರುಗಳನ್ನು ಮಾರಿದಾಗ ವಿಶ್ವವಿದ್ಯಾಲಯಕ್ಕೆ 33 ಕೋಟಿ 60 ಲಕ್ಷ ಡಾಲರ್ ದೊರೆಯಿತು.

ಹಸಿರು ಪಟ್ಟಿ, ಹೊಸ ಪೇಟೆ

ಕೊಂಡಿಯ ವ್ಯಾಪಾರಕ್ಕೆ ತಕ್ಕಡಿಯನ್ನು ಒದಗಿಸಿದ್ದು ಸ್ವತಃ ಗೂಗಲ್. 2000ದ ಡಿಸೆಂಬರಿನಲ್ಲಿ ಅದು ಟೂಲ್‌ಬಾರ್ ಎಂಬ ಉಪಕರಣವನ್ನು ಉಚಿತವಾಗಿ ಹಂಚಿತು. ಅದನ್ನು ಹಾಕಿಕೊಂಡವರಿಗೆ ಯಾವುದೇ ಪುಟವನ್ನು ತೆರೆದಾಗಲೂ ಸೊನ್ನೆಯಿಂದ ಹತ್ತರವರೆಗಿನ ಪೇಜ್‌ರ‍್ಯಾಂಕ್ ಅಂಕ ಒಂದು ಸಣ್ಣ ಹಸಿರು ಪಟ್ಟಿಯಾಗಿ ಕಾಣುತ್ತಿತ್ತು. ಅಲ್ಲಿಯವರೆಗೆ ಯಂತ್ರದ ಹೊಟ್ಟೆಯೊಳಗಿದ್ದ ಸಂಖ್ಯೆ ಈಗ ಬೆಲೆಪಟ್ಟಿಯಾಯಿತು. ಏಳು ಅಂಕದ ಪುಟದಿಂದ ಕೊಂಡಿಗೆ ಇಷ್ಟು, ನಾಲ್ಕು ಅಂಕದ್ದಕ್ಕೆ ಇಷ್ಟು ಎಂದು ಮಾರಾಟ ನಡೆಯತೊಡಗಿತು.

ಅಮೆರಿಕದ ಒಕ್ಲಹೋಮ ರಾಜ್ಯದ ಸರ್ಚ್‌ಕಿಂಗ್ ಎಂಬ ಸಂಸ್ಥೆ 2002ರಲ್ಲಿ ಇಂಥ ಕೊಂಡಿಗಳಿಗೆ ದಲ್ಲಾಳಿಯಾಗಿ ನಿಂತಿತು. ಸ್ವಲ್ಪ ಸಮಯದಲ್ಲೇ ಅದರ ಅಂಕ ಕುಸಿಯಿತು. ತನ್ನ ವ್ಯಾಪಾರಕ್ಕೆ ಉದ್ದೇಶಪೂರ್ವಕವಾಗಿ ಹಾನಿ ಮಾಡಲಾಗಿದೆ ಎಂದು ಅದು ಗೂಗಲ್ ವಿರುದ್ಧ ದಾವೆ ಹೂಡಿತು. 2003ರ ಮೇ ತಿಂಗಳಲ್ಲಿ ನ್ಯಾಯಾಲಯ ದಾವೆಯನ್ನು ವಜಾ ಮಾಡಿತು. ಪೇಜ್‌ರ‍್ಯಾಂಕ್ ಎಂಬುದು ಪುಟದ ಮಹತ್ವದ ಬಗ್ಗೆ ಗೂಗಲ್‌ಗಿರುವ ಅಭಿಪ್ರಾಯ. ಅಭಿಪ್ರಾಯಕ್ಕೆ ಸಂವಿಧಾನದ ರಕ್ಷಣೆಯಿದೆ ಎಂದು ಅದು ಹೇಳಿತು. ಗಣಿತದ ನಿಷ್ಪಕ್ಷಪಾತ ಫಲವೆಂದು ಜನ ನಂಬಿದ್ದ ಅಂಕ ಕಾನೂನಿನ ದೃಷ್ಟಿಯಲ್ಲಿ ಒಂದು ಕಂಪನಿಯ ಅನಿಸಿಕೆಯಾಯಿತು.

ಗೂಗಲ್ ಕೂಡ 2000ದ ಅಕ್ಟೋಬರಿನಿಂದ ಜಾಹೀರಾತುಗಳನ್ನು ಮಾರುತ್ತಿತ್ತಲ್ಲ, ಇಬ್ಬರಿಗೂ ಏನು ವ್ಯತ್ಯಾಸ ಎಂದು ಕೇಳುವವರಿದ್ದರು. ವ್ಯತ್ಯಾಸವಿತ್ತು. ಜಾಹೀರಾತು ಎಂದು ಹಣೆಗೆ ಬರೆದುಕೊಂಡು ಬಂದದ್ದನ್ನು ಓದುಗ ಜಾಹೀರಾತಾಗಿಯೇ ತೂಗುತ್ತಾನೆ. ಕೊಂಡ ಕೊಂಡಿಯಾದರೋ ಸಾಕ್ಷಿಯ ವೇಷದಲ್ಲಿ ಬರುತ್ತದೆ. ಕಟಕಟೆಯಲ್ಲಿ ನಿಂತು ಹಣಕ್ಕೆ ಸಾಕ್ಷಿ ಹೇಳುವವನಿಗೂ ಸಂತೆಯಲ್ಲಿ ಕೂಗಿ ಸರಕು ಮಾರುವವನಿಗೂ ಇರುವ ಅಂತರ ಅದು.

ಚಾಪೆಯ ಕೆಳಗೆ, ರಂಗೋಲಿಯ ಕೆಳಗೆ

ಮುಂದಿನ ವರ್ಷಗಳಲ್ಲಿ ನಡೆದದ್ದು ಚಾಪೆಯ ಕೆಳಗೆ ತೂರಿದವನನ್ನು ಹಿಡಿಯಲು ಹೋದರೆ ಅವನು ರಂಗೋಲಿಯ ಕೆಳಗೆ ತೂರಿದ ಕಥೆ. ಪರಸ್ಪರ ಕೊಂಡಿ ಹಾಕಿಕೊಳ್ಳುವ ಕೂಟಗಳು ಹುಟ್ಟಿದವು. ಕೊಂಡಿಗಳನ್ನು ಬೆಳೆಯುವುದಕ್ಕೆಂದೇ ನೂರಾರು ಪೊಳ್ಳು ಪುಟಗಳ 'ಲಿಂಕ್ ಫಾರ್ಮ್‌'ಗಳು ಎದ್ದವು. ಗೌರವಸ್ಥ ಸಂಸ್ಥೆಯೊಂದು ನವೀಕರಿಸಲು ಮರೆತ ತಾಣದ ಹೆಸರನ್ನು ಕೊಂಡು, ಅದರ ಹಳೆಯ ಒಳ್ಳೆಯ ಹೆಸರಿನ ಮೇಲೆ ಹೊಸ ವ್ಯಾಪಾರ ಹೂಡುವವರು ಬಂದರು. ಓದುಗರ ಪ್ರತಿಕ್ರಿಯೆಗೆ ತೆರೆದಿಟ್ಟ ಜಾಗಗಳಲ್ಲೆಲ್ಲ ಔಷಧ ಮತ್ತು ಜೂಜಿನ ಕೊಂಡಿಗಳು ತುಂಬಿಕೊಂಡವು. ಇದನ್ನು ತಡೆಯಲು ಗೂಗಲ್, ಯಾಹೂ ಮತ್ತು ಎಂಎಸ್‌ಎನ್ ಒಟ್ಟಾಗಿ 2005ರ ಜನವರಿಯಲ್ಲಿ 'ನೋಫಾಲೋ' ಎಂಬ ಗುರುತನ್ನು ತಂದವು. ಆ ಗುರುತಿದ್ದ ಕೊಂಡಿಯ ಮೂಲಕ ಓದುಗರು ಹೋಗಬಹುದು, ಆದರೆ ಅದನ್ನು ಶಿಫಾರಸೆಂದು ಯಂತ್ರ ಎಣಿಸುವುದಿಲ್ಲ ಎಂಬುದು ಆಗಿನ ಒಪ್ಪಂದ. 2007ರಲ್ಲಿ ಇಂಗ್ಲಿಷ್ ವಿಕಿಪೀಡಿಯ ತನ್ನ ಹೊರಕೊಂಡಿಗಳಿಗೆಲ್ಲ ಈ ಗುರುತು ಹಾಕಿತು. ಕೆಲವರ ಕಳ್ಳತನಕ್ಕೆ ಪ್ರಾಮಾಣಿಕ ಶಿಫಾರಸುಗಳೂ ಎಣಿಕೆಯಿಂದ ಹೊರಗುಳಿದವು.

ಹಣವಿಲ್ಲದೆಯೂ ಲೆಕ್ಕವನ್ನು ಬಾಗಿಸಬಹುದೆಂದು ಚೇಷ್ಟೆಗಾರರು ತೋರಿಸಿದರು. ಕೊಂಡಿಯಲ್ಲಿ ಬರೆದ ಪದಗಳು ಆ ಪುಟದ ವಿವರಣೆ ಎಂದು ಯಂತ್ರ ಭಾವಿಸುತ್ತಿತ್ತು. 2003ರಲ್ಲಿ ಅನೇಕರು ಸೇರಿ 'ದಯನೀಯ ವೈಫಲ್ಯ' ಎಂಬರ್ಥದ ಇಂಗ್ಲಿಷ್ ಪದಗಳಿಂದ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಅವರ ಅಧಿಕೃತ ಪರಿಚಯ ಪುಟಕ್ಕೆ ಕೊಂಡಿ ಹಾಕಿದರು. ಆ ಪದಗಳನ್ನು ಹುಡುಕಿದವರಿಗೆ ಮೊದಲು ಸಿಗುತ್ತಿದ್ದದ್ದು ಶ್ವೇತಭವನದ ಪುಟ. 2007ರ ಜನವರಿಯಲ್ಲಷ್ಟೇ ಗೂಗಲ್ ಇದಕ್ಕೆ ಯಾಂತ್ರಿಕ ಪರಿಹಾರ ಕಂಡುಕೊಂಡಿತು.

ದೊಡ್ಡ ಅಂಗಡಿಗಳೂ ಹಿಂದೆ ಬೀಳಲಿಲ್ಲ. 2011ರ ಫೆಬ್ರುವರಿಯಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆ ಅಮೆರಿಕದ ಬಟ್ಟೆಬರೆಗಳ ಹಳೆಯ ಸಂಸ್ಥೆ ಜೆ.ಸಿ. ಪೆನಿಯ ಕೊಂಡಿಗಳನ್ನು ಪರಿಣತರಿಂದ ಪರೀಕ್ಷೆ ಮಾಡಿಸಿತು. ಉಡುಪು, ಹಾಸಿಗೆ, ನೆಲಹಾಸು, ಏನು ಹುಡುಕಿದರೂ ತಿಂಗಳುಗಟ್ಟಲೆ ಅದೇ ಮೊದಲು ಬರುತ್ತಿತ್ತು. ಸಂಬಂಧವೇ ಇಲ್ಲದ ಜೂಜಿನ ತಾಣಗಳಲ್ಲಿ, ಬಲ್ಗೇರಿಯದ ಆಸ್ತಿ ವ್ಯವಹಾರದ ಪುಟಗಳಲ್ಲಿ ಅದಕ್ಕೆ ಕೊಂಡಿಗಳಿದ್ದವು. ಉಡುಪಿನ ಹೆಸರಿನ ಕೊಂಡಿಗಳೇ 2,015 ಪುಟಗಳಲ್ಲಿ ಸಿಕ್ಕವು. ಅದು ತನಗೆ ಗೊತ್ತಿಲ್ಲದೆ ಆದದ್ದೆಂದು ಪೆನಿ ಹೇಳಿ, ಕೆಲಸ ವಹಿಸಿಕೊಂಡಿದ್ದ ಸಂಸ್ಥೆಯನ್ನು ಬಿಡಿಸಿತು. ಒಂದು ಬುಧವಾರ ಸಂಜೆ ಏಳು ಗಂಟೆಗೆ 'ಲಿವಿಂಗ್ ರೂಮ್ ಫರ್ನಿಚರ್' ಹುಡುಕಾಟದಲ್ಲಿ ಮೊದಲನೆಯದಾಗಿದ್ದ ಆ ಅಂಗಡಿ ಒಂಬತ್ತು ಗಂಟೆಗೆ 68ನೆಯ ಸ್ಥಾನದಲ್ಲಿತ್ತು. ಏರಲು ತಿಂಗಳುಗಳು, ಇಳಿಯಲು ಎರಡು ಗಂಟೆ.

ಮೆಚ್ಚುಗೆಯ ಗುಂಡಿಗಳು

ಕೊಂಡಿ ಹಾಕಬೇಕಾದರೆ ಒಬ್ಬರಿಗೆ ಸ್ವಂತ ಪುಟ ಬೇಕು. ಓದುವವರೆಲ್ಲ ಪುಟ ಮಾಡುವವರಲ್ಲ. ಸಾಮಾನ್ಯ ಓದುಗರ ಅಭಿಪ್ರಾಯವನ್ನೂ ಸಾಕ್ಷಿಯಾಗಿ ಪಡೆಯಬಹುದೇ ಎಂಬ ಯೋಚನೆಯಿಂದ ಸಾಮಾಜಿಕ ತಾಣಗಳ ಕಡೆಗೆ ಎಲ್ಲರ ಕಣ್ಣು ಹೊರಳಿತು. 2003ರಲ್ಲಿ ಬಂದ ಡೆಲಿಶಿಯಸ್‌ನಲ್ಲಿ ಜನ ತಮಗೆ ಬೇಕಾದ ಪುಟಗಳನ್ನು ಗುರುತು ಹಾಕಿಟ್ಟುಕೊಂಡು ಹಂಚಿಕೊಳ್ಳುತ್ತಿದ್ದರು. 2004ರ ಡಿಗ್, 2005ರ ರೆಡಿಟ್ ತಾಣಗಳಲ್ಲಿ ಓದುಗರ ಮತಗಳೇ ಸುದ್ದಿಯ ಸ್ಥಾನವನ್ನು ನಿರ್ಧರಿಸುತ್ತಿದ್ದವು. ಫೇಸ್‌ಬುಕ್ ಮತ್ತು ಟ್ವಿಟ್ಟರ್ ಕೂಡ ಬಂದವು.

ಟ್ವಿಟ್ಟರಿನ ಸಂದೇಶಗಳನ್ನು ಪಡೆಯಲು ಗೂಗಲ್ 2009ರಲ್ಲಿ ಒಪ್ಪಂದ ಮಾಡಿಕೊಂಡಿತು. ಇಂಥ ತಾಣಗಳಲ್ಲಿನ ಹಂಚಿಕೆಯನ್ನು ಸ್ವಲ್ಪಮಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆಂದು 2010ರ ಕೊನೆಯಲ್ಲಿ ಗೂಗಲ್ ಮತ್ತು ಮೈಕ್ರೋಸಾಫ್ಟಿನ ಬಿಂಗ್ ಹೇಳಿದವು. ತಕ್ಷಣ ಹಿಂಬಾಲಕರನ್ನೂ ಮೆಚ್ಚುಗೆಗಳನ್ನೂ ಸಗಟಾಗಿ ಮಾರುವವರು ಹುಟ್ಟಿಕೊಂಡರು. ಆದರೆ ಟ್ವಿಟ್ಟರಿನ ಒಪ್ಪಂದ 2011ರ ಜುಲೈನಲ್ಲಿ ಮುಗಿಯಿತು. ಮೆಚ್ಚುಗೆಗಳ, ಹಿಂಬಾಲಕರ ಸಂಖ್ಯೆಯನ್ನು ಸ್ಥಾನ ನಿರ್ಧರಿಸಲು ಬಳಸುವುದಿಲ್ಲ ಎಂದು ಗೂಗಲ್‌ನ ಅಧಿಕಾರಿ ಮ್ಯಾಟ್ ಕಟ್ಸ್ 2014ರ ಜನವರಿಯಲ್ಲಿ ಸ್ಪಷ್ಟಪಡಿಸಿದರು. ಬೇರೆಯವರ ಒಡೆತನದ ತಾಣ ಯಾವಾಗ ಬೇಕಾದರೂ ಬಾಗಿಲು ಮುಚ್ಚಬಹುದು ಎಂಬುದು ಅವರು ಕೊಟ್ಟ ಕಾರಣಗಳಲ್ಲೊಂದು. ಗೂಗಲ್ 2011ರಲ್ಲಿ ತಾನೇ ತೆರೆದ ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಸಾರ್ವಜನಿಕರ ಪಾಲಿಗೆ ಮುಚ್ಚಿಹೋಯಿತು.

ಹಾಗೆಂದು ಸಾಮಾಜಿಕ ತಾಣಗಳಿಂದ ಪ್ರಯೋಜನವೇ ಇಲ್ಲವೆಂದಲ್ಲ. ಅಲ್ಲಿ ಹಂಚಿದ ಬರಹವನ್ನು ಸಾವಿರ ಜನ ಓದಿದರೆ, ಅವರಲ್ಲಿ ಇಬ್ಬರು ತಮ್ಮ ಲೇಖನಗಳಲ್ಲಿ ಅದಕ್ಕೆ ಕೊಂಡಿ ಕೊಡಬಹುದು. ಎಣಿಕೆಗೆ ಬರುವುದು ಆ ಎರಡು. ಕಂಡವರು ಸಾವಿರ, ಸಾಕ್ಷಿ ಹೇಳಿದವರು ಇಬ್ಬರು ಎಂಬ ವ್ಯತ್ಯಾಸವನ್ನು ಮರೆತವರು ವಿನಿಮಯಕ್ಕೆ ಇಳಿದರು. ಹಾಡಿನ ಸಾಹಿತ್ಯವನ್ನು ವಿವರಿಸುವ ರ‍್ಯಾಪ್ ಜೀನಿಯಸ್ ಎಂಬ ತಾಣ, ತನಗೆ ಕೊಂಡಿ ಹಾಕಿದವರ ಪುಟಗಳನ್ನು ಟ್ವಿಟ್ಟರಿನಲ್ಲಿ ಪ್ರಚಾರ ಮಾಡುವುದಾಗಿ ಆಸೆ ತೋರಿಸಿತು. 2013ರ ಕ್ರಿಸ್‌ಮಸ್ ದಿನ ಅದರದೇ ಹೆಸರನ್ನು ಹುಡುಕಿದರೂ ಅದು ಮುಂಚೂಣಿಯಲ್ಲಿ ಕಾಣಲಿಲ್ಲ. ಮರಳಿ ಬರಲು ಹತ್ತು ದಿನ ಬೇಕಾಯಿತು.

ಪೆಂಗ್ವಿನ್ ಬಂದ ಮೇಲೆ

ಒಬ್ಬೊಬ್ಬರನ್ನೇ ಹಿಡಿಯುವುದನ್ನು ಬಿಟ್ಟು ಇಡೀ ಪೇಟೆಯ ಮೇಲೆ ಬಲೆ ಬೀಸಿದ್ದು 2012ರ ಏಪ್ರಿಲ್ 24ರಂದು. 'ಪೆಂಗ್ವಿನ್' ಎಂದು ಹೆಸರಾದ ಆ ಬದಲಾವಣೆ ಇಂಗ್ಲಿಷ್ ಹುಡುಕಾಟಗಳಲ್ಲಿ ಸುಮಾರು ಶೇ 3.1ರಷ್ಟರ ಮೇಲೆ ಪರಿಣಾಮ ಬೀರಿತೆಂದು ಗೂಗಲ್ ತಿಳಿಸಿತು. ಅಸಹಜವಾದ ಕೊಂಡಿಗಳಿದ್ದ ತಾಣಗಳು ಕೆಳಗಿಳಿದವು. ಹೆಚ್ಚಿನ ಪೆಟ್ಟು ಬಿದ್ದದ್ದು ಸಣ್ಣ ವ್ಯಾಪಾರಿಗಳಿಗೆ. ಯಾರಿಗೋ ಹಣ ಕೊಟ್ಟು ತಾಣವನ್ನು ಮೇಲೆ ತರಿಸಿಕೊಂಡಿದ್ದ ಅವರಲ್ಲಿ ಅನೇಕರಿಗೆ ತಮ್ಮ ಹೆಸರಿನಲ್ಲಿ ಎಲ್ಲೆಲ್ಲಿ ಕೊಂಡಿ ಹಾಕಲಾಗಿದೆ ಎಂಬುದೇ ತಿಳಿದಿರಲಿಲ್ಲ. ದಯವಿಟ್ಟು ನಮ್ಮ ಕೊಂಡಿ ತೆಗೆಯಿರಿ ಎಂದು ಅಪರಿಚಿತರಿಗೆ ಪತ್ರ ಬರೆಯುವ ಕಾಲ ಬಂತು. ಹಾಕಲು ದುಡ್ಡು ಪಡೆದಂತೆ ತೆಗೆಯಲೂ ದುಡ್ಡು ಕೇಳಿದವರಿದ್ದರು. ಆ ವರ್ಷದ ಅಕ್ಟೋಬರಿನಲ್ಲಿ, ಇಂಥ ಕೊಂಡಿಗಳು ನನಗೆ ಬೇಡ ಎಂದು ಗೂಗಲ್‌ಗೆ ತಿಳಿಸುವ ವ್ಯವಸ್ಥೆ ಜಾರಿಗೆ ಬಂತು. ಮೊದಲು ಸಾಕ್ಷಿಗಳನ್ನು ಗಳಿಸಲು ಪಟ್ಟ ಪಾಡನ್ನು ಈಗ ಅವರನ್ನು ಅಲ್ಲಗಳೆಯಲು ಪಡಬೇಕಾಯಿತು.

ಪತ್ರಿಕೆಗಳಿಗೂ ಇದು ಪಾಠವಾಯಿತು. 2013ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ಹೂವಿನ ಕಂಪನಿ ಇಂಟರ್‌ಫ್ಲೋರಾ ಹುಡುಕಾಟದ ಫಲಿತಾಂಶಗಳಿಂದ ಮರೆಯಾಯಿತು. ಹಲವು ಸ್ಥಳೀಯ ಪತ್ರಿಕೆಗಳ ತಾಣಗಳಲ್ಲಿ ಸುದ್ದಿಯ ರೂಪದ ಜಾಹೀರಾತು ಲೇಖನಗಳ ಮೂಲಕ ಅದಕ್ಕೆ ಕೊಂಡಿಗಳು ಸೇರಿದ್ದೇ ಕಾರಣವೆಂದು ಆಗ ವರದಿಯಾಯಿತು. ಆ ಪತ್ರಿಕೆಗಳ ಹಸಿರು ಪಟ್ಟಿಯೂ ಕುಗ್ಗಿತ್ತು. ಗೂಗಲ್ ತನ್ನವರನ್ನೂ ಬಿಡಲಿಲ್ಲ. ಪ್ರಚಾರಕ್ಕೆ ನೇಮಿಸಿದವರು ಹಣ ಕೊಟ್ಟು ಬರೆಸಿದ ಬರಹದಲ್ಲಿ ಕೊಂಡಿಯೊಂದು ಸಿಕ್ಕಿದ್ದರಿಂದ 2012ರ ಜನವರಿಯಲ್ಲಿ ತನ್ನದೇ ಕ್ರೋಮ್ ಪುಟವನ್ನು ಅದು ಕೆಳಗಿಳಿಸಿತ್ತು. ಪೇಟೆಗೆ ತಕ್ಕಡಿಯಾಗಿದ್ದ ಹಸಿರು ಪಟ್ಟಿಯನ್ನು 2016ರಲ್ಲಿ ಸಂಪೂರ್ಣವಾಗಿ ತೆಗೆದುಹಾಕಲಾಯಿತು.

ಈ ರೋಗ ಕೊಂಡಿಗಷ್ಟೇ ಅಂಟಿದ್ದಲ್ಲ. ಗಾರ್ಫೀಲ್ಡ್ ಆರಂಭಿಸಿದ ಉಲ್ಲೇಖಗಳ ಎಣಿಕೆ ವಿಜ್ಞಾನಿಗಳ ಬಡ್ತಿಗೂ ಅನುದಾನಕ್ಕೂ ಅಳತೆಗೋಲಾದ ಮೇಲೆ ಅಲ್ಲಿಯೂ ಕೂಟಗಳು ಹುಟ್ಟಿದವು. ಪರಸ್ಪರ ಉಲ್ಲೇಖಿಸಿಕೊಂಡು ಅಂಕ ಹೆಚ್ಚಿಸಿಕೊಂಡದ್ದಕ್ಕಾಗಿ ಬ್ರೆಜಿಲ್‌ನ ನಾಲ್ಕು ವೈದ್ಯಕೀಯ ಪತ್ರಿಕೆಗಳನ್ನು 2013ರಲ್ಲಿ ಶ್ರೇಯಾಂಕದ ಪಟ್ಟಿಯಿಂದ ಹೊರಗಿಡಲಾಯಿತು. ಅಳತೆಗೋಲನ್ನೇ ಗುರಿ ಮಾಡಿಕೊಂಡರೆ ಅದು ಅಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ ಎಂಬ ಅರ್ಥದ ಸೂತ್ರವೊಂದು ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಹಣದ ಪೂರೈಕೆಯ ಬಗ್ಗೆ ಅವರು 1975ರಲ್ಲಿ ಆಡಿದ ಮಾತಿನಿಂದ ಅದು ಬೆಳೆದುಬಂತು. ಕೊಂಡಿಗೂ ಅಕ್ಷರಶಃ ಅನ್ವಯಿಸಿತು.

ತಮಾಷೆಯೆಂದರೆ, ಸ್ಥಾನವನ್ನು ಕೊಳ್ಳಬಾರದೆಂದು ಇತರರಿಗೆ ವಿಧಿಸಿದ ಗೂಗಲ್ ತನ್ನ ಸ್ಥಾನಕ್ಕೆ ಧಾರಾಳವಾಗಿ ತೆತ್ತಿದೆ. ಫೋನುಗಳಲ್ಲಿ, ಬ್ರೌಸರುಗಳಲ್ಲಿ ತಾನೇ ಮೊದಲ ಶೋಧಯಂತ್ರವಾಗಿರಲು 2021ರಲ್ಲಿ ಅದು 2,630 ಕೋಟಿ ಡಾಲರ್ ಪಾವತಿಸಿತ್ತು. ಈ ಲೆಕ್ಕ ಹೊರಬಿದ್ದ ಮೊಕದ್ದಮೆಯಲ್ಲಿ, ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆ ಎಂದು ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟಿನಲ್ಲಿ ತೀರ್ಪು ಕೊಟ್ಟರು.

ಕನ್ನಡದ ಪುಟಗಳು

ಕೊಂಡಿಗಳ ಭರಾಟೆ ನಡೆಯುತ್ತಿದ್ದ ಮೊದಲ ವರ್ಷಗಳಲ್ಲಿ ಕನ್ನಡ ಆ ಲೆಕ್ಕದೊಳಗೆ ಸರಿಯಾಗಿ ಬಂದೇ ಇರಲಿಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಜಾಗ ಸಿಕ್ಕಿತ್ತು. ಆದರೆ ಅನೇಕ ಕನ್ನಡ ತಾಣಗಳು ತಮ್ಮ ತಮ್ಮ ಫಾಂಟುಗಳನ್ನು ಬಳಸುತ್ತಿದ್ದವು. ಕಣ್ಣಿಗೆ ಕನ್ನಡವಾಗಿ ಕಾಣುತ್ತಿದ್ದದ್ದು ಯಂತ್ರಕ್ಕೆ ರೋಮನ್ ಅಕ್ಷರಗಳ ಅರ್ಥವಿಲ್ಲದ ರಾಶಿ. 2001ರ ವಿಂಡೋಸ್ ಎಕ್ಸ್‌ಪಿ 'ತುಂಗಾ' ಎಂಬ ಯೂನಿಕೋಡ್ ಫಾಂಟಿನೊಂದಿಗೆ ಬಂತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಪತ್ರಿಕೆಗಳೂ ಒಂದೊಂದಾಗಿ ಯೂನಿಕೋಡ್‌ಗೆ ಬಂದವು. ಆಮೇಲಷ್ಟೇ ಕನ್ನಡದಲ್ಲಿ ಕೇಳಿ ಕನ್ನಡದಲ್ಲಿ ಉತ್ತರ ಪಡೆಯುವುದು ಸಾಧ್ಯವಾಯಿತು.

ಮೊದಲ ಸ್ಥಾನಕ್ಕಿರುವ ಶಕ್ತಿ ಕನ್ನಡಿಗರಿಗೆ ನೋವಿನಿಂದ ಮನವರಿಕೆಯಾದದ್ದು 2021ರ ಜೂನ್ 3ರಂದು. ಭಾರತದ ಅತ್ಯಂತ ಕುರೂಪದ ಭಾಷೆ ಯಾವುದೆಂದು ಇಂಗ್ಲಿಷಿನಲ್ಲಿ ಕೇಳಿದರೆ ಗೂಗಲ್ ಕನ್ನಡದ ಹೆಸರನ್ನು ಉತ್ತರದ ಚೌಕದಲ್ಲಿ ದಪ್ಪಕ್ಷರದಲ್ಲಿ ತೋರಿಸುತ್ತಿತ್ತು. ಪ್ರತಿಭಟನೆ ಎದ್ದಿತು. ಆಗಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿ ನೋಟಿಸ್ ಕೊಡುವುದಾಗಿ ಹೇಳಿದರು. ಗೂಗಲ್ ಕ್ಷಮೆ ಕೇಳಿ ಉತ್ತರವನ್ನು ತೆಗೆದುಹಾಕಿತು. ಅದು ಗೂಗಲ್ ಬರೆದ ಮಾತಲ್ಲ, ಯಾವುದೋ ಒಂದು ಪುಟದಿಂದ ಯಂತ್ರ ಎತ್ತಿ ತಂದದ್ದು. ವಿವೇಕವುಳ್ಳವರು ಯಾರೂ ಉತ್ತರ ಬರೆಯಲು ಹೋಗದಂಥ ಪ್ರಶ್ನೆ ಅದು. ಹತ್ತು ಜನ ತಿಳಿದವರು ಮಾತಾಡಿರುವ ವಿಷಯದಲ್ಲಿ ಯಂತ್ರಕ್ಕೆ ಸಾಕ್ಷಿಗಳನ್ನು ತೂಗಲು ಅವಕಾಶವಿರುತ್ತದೆ. ಯಾರೂ ಇಲ್ಲದ ಕಡೆ ಇದ್ದ ಒಬ್ಬನೇ ಸಾಕ್ಷಿ.

ಈಗ ಶೋಧಯಂತ್ರ ಕೊಂಡಿಗಳನ್ನು ಇತರ ಅನೇಕ ಗುರುತುಗಳ ಜೊತೆಗಿಟ್ಟು ನೋಡುತ್ತದೆ. 2019ರಿಂದ ಹಣ ಕೊಟ್ಟ ಕೊಂಡಿಗೂ ಓದುಗರು ಹಾಕಿದ ಕೊಂಡಿಗೂ ಬೇರೆ ಬೇರೆ ಗುರುತುಗಳಿವೆ. 2024ರಿಂದ ಪುಟಗಳ ಪಟ್ಟಿಗೂ ಮೇಲೆ, ಕೃತಕ ಬುದ್ಧಿಮತ್ತೆ ಸಿದ್ಧಪಡಿಸಿದ ಉತ್ತರ ಕಾಣಿಸಿಕೊಳ್ಳತೊಡಗಿದೆ. ಆ ಉತ್ತರವೂ ಯಾವುದೋ ಪುಟಗಳನ್ನು ನಂಬಿಯೇ ಹುಟ್ಟಬೇಕು. ಯಾರನ್ನು ನಂಬಬೇಕೆಂಬ ಪ್ರಶ್ನೆ ಹೋಗಿಲ್ಲ, ಓದುಗರ ಕಣ್ಣಿನಿಂದ ಇನ್ನಷ್ಟು ದೂರ ಸರಿದಿದೆ, ಅಷ್ಟೆ.

ಕನ್ನಡದಂಥ ಭಾಷೆಗೆ ಇದರಲ್ಲಿ ಒಂದು ಎಚ್ಚರಿಕೆಯಿದೆ. ಕೋಟ್ಯಂತರ ಪುಟಗಳಿರುವ ಇಂಗ್ಲಿಷಿನಲ್ಲಿ ನೂರು ಸುಳ್ಳು ಸಾಕ್ಷಿಗಳು ಸೇರಿದರೂ ಸಾವಿರ ನಿಜ ಸಾಕ್ಷಿಗಳು ಎದುರಿಗಿರುತ್ತವೆ. ಪುಟಗಳು ಕಡಿಮೆ ಇರುವ ಕಡೆ ಕೆಲವೇ ಸುಳ್ಳುಗಳು ಸಾಕು. ಜಿಲ್ಲೆಯೊಂದರ ಶಾಸನಗಳ ಬಗ್ಗೆ, ಬೆಳೆಯ ರೋಗದ ಬಗ್ಗೆ, ಔಷಧದ ಬಗ್ಗೆ ತಿಳಿದವರು ಕನ್ನಡದಲ್ಲಿ ಬರೆದಿಟ್ಟ ಒಂದು ಒಳ್ಳೆಯ ಪುಟ, ಮತ್ತು ಅದನ್ನು ಓದಿ ಮೆಚ್ಚಿದ ಇನ್ನೊಬ್ಬರು ತಮ್ಮ ಬರಹದಲ್ಲಿ ಅದರ ಹೆಸರು ಹೇಳಿ ಕೊಟ್ಟ ಒಂದು ಕೊಂಡಿ, ಇವೆರಡಕ್ಕೂ ಇಲ್ಲಿ ಹೆಚ್ಚಿನ ಬೆಲೆಯಿದೆ. ಪಡೆದದ್ದನ್ನು ಎಲ್ಲಿಂದ ಪಡೆದೆವೆಂದು ಹೇಳುವ ಈ ಅಭ್ಯಾಸಕ್ಕೆ ಖರ್ಚಿಲ್ಲ. ಪೂರ್ವಕವಿಗಳನ್ನು ನೆನೆದವರೂ ಅದನ್ನೇ ಮಾಡಿದ್ದರು.